ಯಕ್ಷನಿಗೆ ಕೋರೆಹಲ್ಲು ಬಂದದ್ದು ಎಲ್ಲಿಂದ?

ಪ್ರಶ್ನೆ: ಮಗನ ಜೊತೆ ಬ್ಯಾಂಕಾಕಿಗೆ ಹೋಗಿದ್ದೆ. ವಿಮಾನ ನಿಲ್ದಾಣದಲ್ಲೇ ಕೋರೆಹಲ್ಲಿನ ದೈತ್ಯರನ್ನು ನಿಲ್ಲಿಸಿ ‘ಯಕ್ಷರು’ ಎನ್ನುತ್ತಾರೆ. ಅವರಲ್ಲಿ ರಾವಣನೂ ಇದ್ದಾನೆ! ಯಕ್ಷರೆಂದರೆ ದೇವಗಣವಲ್ಲವೇ? ನಮ್ಮ ಶಬ್ದವನ್ನು ಹೀಗೆ ಕೆಡಿಸಬಹುದೇ? – ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಬೇಸರ ಸುಳ್ಳಲ್ಲ. ಕಾಳಿದಾಸನ ಯಕ್ಷ ಹೆಂಡತಿಗೆ ಮೋಡದ ಕೈಲಿ ಸುದ್ದಿ ಕಳಿಸಿದವನು. ಅಂಥವನ ಬಾಯಲ್ಲಿ ಕೋರೆಹಲ್ಲು ಕಂಡರೆ ಕಸಿವಿಸಿ ಆಗುವುದೇ.

ಆದರೆ ಕೆಡಿಸಿದವರು ಯಾರು ಮಾರಾಯ್ರೆ? ವಾಲ್ಮೀಕಿಯ ಬಾಲಕಾಂಡ ತೆಗೆದು ನೋಡಿ. ತಾಟಕಿ ಯಕ್ಷ ಸುಕೇತುವಿನ ಮಗಳು. ರಾಕ್ಷಸಿಯಾದದ್ದು ಅಗಸ್ತ್ಯರ ಶಾಪದಿಂದ. ಇನ್ನು ಯಕ್ಷರ ಒಡೆಯ ಕುಬೇರ. ಅವನಿಗೆ ರಾವಣ ಏನಾಗಬೇಕು? ಮಲತಮ್ಮ. ಲಂಕೆ, ಪುಷ್ಪಕ ಎರಡೂ ಮೊದಲು ಕುಬೇರನವೇ. ಆಸ್ತಿಗೆ ಜಗಳವಾಡಿದ ಮಾತ್ರಕ್ಕೆ ಮನೆತನ ಬೇರೆಯಾಗುತ್ತದೆಯೇ? ಥಾಯ್ ಜನ ಎಲ್ಲರನ್ನೂ ‘ಯಾಕ್’ ಎಂದು ಒಟ್ಟಿಗೇ ಕರೆದರು. ರಾವಣ ಅವರಿಗೆ ತೊಸಕನ್, ಅಂದರೆ ದಶಕಂಠ. ಸುವರ್ಣಭೂಮಿ ನಿಲ್ದಾಣದಲ್ಲಿ ನೀವು ಕಂಡ ಆ 12 ಮಂದಿ ಹೆದರಿಸಲು ನಿಂತವರಲ್ಲ, ಕಾವಲಿನವರು.

ಕಾವಲಿನ ಯಕ್ಷರು ನಮ್ಮಲ್ಲೂ ಇದ್ದಾರೆ. ಜೈನ ಬಸದಿಗಳಲ್ಲಿ ಪ್ರತಿ ತೀರ್ಥಂಕರನಿಗೂ ಒಬ್ಬ ಯಕ್ಷ, ಒಬ್ಬ ಯಕ್ಷಿ. ಗೇರುಸೊಪ್ಪೆಯ ಜ್ವಾಲಾಮಾಲಿನಿ ಚಂದ್ರಪ್ರಭನ ಯಕ್ಷಿ, ಹೆಸರಲ್ಲೇ ಬೆಂಕಿ. ಘಟ್ಟ ಇಳಿದರೆ ಸಿಗುವ ಅವಳನ್ನು ನೋಡಿದ್ದೀರಾ? ಇಲ್ಲ ಅಂದುಕೊಳ್ಳುತ್ತೇನೆ. ನೋಡಿದ್ದರೆ ಈ ಪತ್ರ ಬರುತ್ತಿರಲಿಲ್ಲ.

ಜಪಾನಿನಲ್ಲಿ ಇವನು ‘ಯಾಶಾ’. ಶ್ರೀಲಂಕಾದಲ್ಲಿ ‘ಯಕಾ’, ರೋಗ ತರುವವನು. ಅವನ ಮುಖವಾಡ ಕಟ್ಟಿ, ಡೋಲು ಬಡಿದು, ರಾತ್ರಿಯಿಡೀ ಕುಣಿದು, ತಮಾಷೆ ಮಾಡಿ ಸಾಗಹಾಕುತ್ತಾರೆ. ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ರಾತ್ರಿಯಿಡೀ ಅಂತೆ!

ನಮ್ಮಲ್ಲಿ ಆಟಕ್ಕೇ ಯಕ್ಷರ ಹೆಸರು, ಯಕ್ಷಗಾನ. ಅದನ್ನೇ ಈಗ ಮೂರು ತಾಸಿಗೆ ಮುಗಿಸಿ ಎನ್ನುತ್ತೇವೆ. ಮೊದಲು ಕತ್ತರಿ ಬೀಳುವುದು ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಬಿಳಿ ಚುಕ್ಕೆ, ಅಂದರೆ ಚಿಟ್ಟಿ, ಒಂದೊಂದೇ ಇಡುತ್ತ ಕೂರಬೇಕು, ತಾಸುಗಟ್ಟಲೆ ಕೆಲಸ. ಆಮೇಲೆ ಜನರ ಮಧ್ಯದಿಂದ ದೊಂದಿ ಹಿಡಿದು, ರಾಳದ ಹುಡಿ ಎರಚಿ, ಕೂಗು ಹಾಕುತ್ತ ಬರುವ ಅಬ್ಬರ. ಇದಕ್ಕೆಲ್ಲ ಟೈಮ್ ಇಲ್ಲವಂತೆ. ಸನ್ಮಾನಕ್ಕೆ, ಭಾಷಣಕ್ಕೆ, ಶಾಲು ಹೊದಿಸಿ ಫೋಟೋ ತೆಗೆಯುವುದಕ್ಕೆ ಮಾತ್ರ ಬೇಕಾದಷ್ಟು ಇದೆ! ನಮ್ಮ ಯಕ್ಷರನ್ನು ಕೆಡಿಸುತ್ತಿರುವುದು ಬ್ಯಾಂಕಾಕಿನವರಲ್ಲ, ಸ್ವಾಮಿ.

ನಿಮ್ಮೂರಿನ ಆಟಕ್ಕೆ ನೀವೂ ಚಂದಾ ಕೊಡುವವರೇ ಅಲ್ವಾ? ಈ ಸಲ ಒಂದು ಭಾಷಣ ಬಿಟ್ಟು, ತಾಟಕಿಯ ಪ್ರವೇಶ ಪೂರ್ತಿ ಇಡಿ ಎಂದು ಕೇಳಿ ನೋಡಿ.