ಚರ್ಚೆಗೆ ಬೆಳಗಿನ ಹೊತ್ತು ಕೊಡಿ

ಪ್ರಶ್ನೆ: ಶಿವಮೊಗ್ಗದಲ್ಲಿ ಎರಡು ದಿನದ ಮುಕ್ತ ತಂತ್ರಾಂಶ ಸಮ್ಮೇಳನ ಮಾಡುತ್ತಿದ್ದೇವೆ. ಮಾತಾಡುತ್ತೇವೆ ಎಂದು 30 ಜನ ಬರೆದಿದ್ದಾರೆ. ಇರುವುದು ಒಂದು ಸಭಾಂಗಣ, ಎರಡು ತರಗತಿ ಕೋಣೆ. ಎಲ್ಲರಿಗೂ ಅವಕಾಶ ಕೊಡಬೇಕಾ? ಕಳೆದ ಸಲ ಚರ್ಚೆ ಇಟ್ಟಾಗ ಕೊನೆಗೆ ಉಳಿದವರು ಆರೇ ಜನ.
– ಓದುಗರು, ತೀರ್ಥಹಳ್ಳಿ

ಉತ್ತರ: ಆ ಚರ್ಚೆಯನ್ನು ಸಂಜೆ ಇಟ್ಟಿದ್ದಿರಿ, ಅಲ್ವಾ? ನಾನು ಸಾಗರದ ಕಡೆಯವನು. ಶಿವಮೊಗ್ಗದಿಂದ ಸುಮಾರು 70 ಕಿ.ಮೀ. ಇಂಥ ಕಡೆ ಬಂದಾಗ ನಾಲ್ಕೂವರೆ ದಾಟಿತೆಂದರೆ ನನಗೆ ಬಸ್ಸಿನದೇ ಚಿಂತೆ. ಬಸ್ ಇಳಿದ ಮೇಲೂ ಮನೆ ತಲುಪಲು ದಾರಿ ಇರುತ್ತದೆ. ಹೊಸನಗರ, ಸೊರಬದಿಂದ ಬಂದವರೂ ಹಾಗೇ. ಆಸಕ್ತಿ ಇಲ್ಲದೆ ಎದ್ದು ಹೋದವರಲ್ಲ ಅವರು. ಈ ಸಲ ಚರ್ಚೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ, ಕಾಫಿ ಆದ ಕೂಡಲೇ ಇಡಿ. ಭಾಷಣ ಸಂಜೆಗಿರಲಿ. ಅದನ್ನು ರೆಕಾರ್ಡ್ ಮಾಡಿಟ್ಟರೆ ಆಮೇಲೂ ನೋಡಬಹುದು. ತಪ್ಪಿದ ಚರ್ಚೆಯಲ್ಲಿ ಆಮೇಲೆ ಬಾಯಿ ಹಾಕಲು ಆಗುವುದಿಲ್ಲ.

30 ಅರ್ಜಿಗಳನ್ನೂ ಓದುತ್ತಾ ಒಂದೇ ವಿಷಯ ಗಮನಿಸಿ. ಬರೆದವರ ಹತ್ತಿರ ಉತ್ತರ ಇದೆಯಾ, ಪ್ರಶ್ನೆ ಇದೆಯಾ? ‘ಶಾಲೆಯ ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿದೆವು, ಹೀಗಾಯಿತು’ ಎನ್ನುವವರಿಗೆ ಸಭಾಂಗಣ ಕೊಡಿ. ಪ್ರಶ್ನೆ ಇಟ್ಟುಕೊಂಡು ಬಂದವರಿಗೆ ತರಗತಿ ಕೋಣೆಯೇ ಸರಿ, ಬೆಂಚುಗಳನ್ನು ಸುತ್ತ ಹಾಕಿಸಿ. ಒಂದೇ ವಿಷಯದ ಮೇಲೆ ಮೂವರು ಬರೆದಿದ್ದರೆ ಮೂವರನ್ನೂ ಒಂದೇ ಚರ್ಚೆಗೆ ಸೇರಿಸಿ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಅನ್ನು ಕಟ್ಟುವವರು ವರ್ಷಕ್ಕೊಮ್ಮೆ ಡೆಬ್‌ಕಾನ್ಫ್ ಎಂಬ ಸಮ್ಮೇಳನ ಮಾಡುತ್ತಾರೆ. 2023ರಲ್ಲಿ ಅದು ಕೊಚ್ಚಿಯಲ್ಲೇ ನಡೆಯಿತು. ಅಲ್ಲೂ ಭಾಷಣಗಳ ಜೊತೆಗೆ ಒಂದೇ ಆಸಕ್ತಿಯವರು ಕೂತು ಮಾತಾಡುವ ಗೋಷ್ಠಿಗಳಿರುತ್ತವೆ. ಅದಕ್ಕೆ ಬಿಓಎಫ್ (ಬರ್ಡ್ಸ್ ಆಫ್ ಎ ಫೆದರ್) ಅನ್ನುತ್ತಾರೆ.

ಚರ್ಚೆಯ ವಿಷಯ ಚಿಕ್ಕದಾಗಿರಲಿ. ‘ಕನ್ನಡ ಮತ್ತು ತಂತ್ರಜ್ಞಾನ’ ಎಂದು ಹಾಕಿದರೆ ಯಾರಿಗೂ ಎಲ್ಲಿಂದ ಶುರು ಮಾಡುವುದೆಂದೇ ಗೊತ್ತಾಗುವುದಿಲ್ಲ. ನಾನು ಕೂತಿದ್ದ ಒಂದು ಒಳ್ಳೆ ಚರ್ಚೆ ಶುರುವಾದದ್ದು ಬೋರ್ಡಿನ ಮೇಲೆ ಬರೆದ ‘ರ‍್ಯಾಂಕ್’ ಎಂಬ ಒಂದು ಪದದಿಂದ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಸುಮ್ನೆ ರ, ್, ಯ ಎಂದು ಒತ್ತಿದರೆ ಅರ್ಕಾವತ್ತು ಬರುತ್ತದೆ, ‘ರ್ಯಾಂಕ್’ ಆಗುತ್ತದೆ. ‘ರ’ಕ್ಕೆ ಯ-ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಬೇಕು. ಹಾಗಾಗಿ ಒಂದು ರೂಪ ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಇದನ್ನು ಕೇಳಿದ್ದೇ ತಡ, ಡಿಟಿಪಿ ಕೆಲಸದ ಹೆಂಗಸೊಬ್ಬರು ಮಾತಿಗಿಳಿದರು. ಎಂಜಿನಿಯರಿಂಗ್ ಹುಡುಗರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಒಂದು ಗಂಟೆ ಸಾಲಲಿಲ್ಲ.

ಚರ್ಚೆ ನಡೆಸುವವರು ಜಾಸ್ತಿ ಮಾತಾಡಬಾರದು. ಮೊದಲ ಐದು ನಿಮಿಷ ವಿಷಯ ಹೇಳಿ ಸುಮ್ಮನಾಗಲಿ. ಬರೆದುಕೊಳ್ಳಲು ಬೇರೆಯವರೇ ಇರಲಿ. ಏಳುವ ಮೊದಲು ಯಾವ ಕೆಲಸ ಯಾರು ಮಾಡುತ್ತಾರೆ ಎಂದು ಹೆಸರು ಬರೆಸಿ. ಎರಡನೇ ದಿನ ಒಂದು ಕೋಣೆ ಖಾಲಿ ಬಿಡಿ. ಬಾಗಿಲಿಗೆ ಹಾಳೆ ಅಂಟಿಸಿ, ವಿಷಯ ಹೊಳೆದವರು ಅಲ್ಲೇ ಬರೆಯಲಿ.

ಎಲ್ಲರಿಗೂ ಅವಕಾಶ ಕೊಡಲು ಆಗುವುದಿಲ್ಲ. ಆದರೆ ಬಿಟ್ಟವರಿಗೆ ಕಾರಣ ಬರೆದು ತಿಳಿಸಿ, ಎರಡು ಸಾಲಾದರೂ ಸರಿ. ಒಮ್ಮೆ ನಾನು ಒಂದು ಸಮ್ಮೇಳನಕ್ಕೆ ವಿಷಯ ಬರೆದು ಕಳಿಸಿದ್ದೆ. ಆಯ್ಕೆ ಆಗಲಿಲ್ಲ ಎಂದೂ ಯಾರೂ ಹೇಳಲಿಲ್ಲ. ಆಮೇಲೆ ಮೂರು ವರ್ಷ ನಾನು ಎಲ್ಲಿಗೂ ಬರೆಯಲಿಲ್ಲ.