ಕೆಲಸ ಹೋದ ಮೇಲೆ ಮಗ ಮಲಗಿದಲ್ಲೇ ಇದ್ದಾನೆ

ಪ್ರಶ್ನೆ: ನನ್ನ ಮಗನಿಗೆ 25 ವರ್ಷ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಕಂಪನಿಯವರು ಜನರನ್ನು ತೆಗೆದಾಗ ಇವನ ಕೆಲಸವೂ ಹೋಯಿತು. ಮನೆಗೆ ಬಂದು ವರ್ಷವಾಗುತ್ತಾ ಬಂತು. ಹನ್ನೊಂದಕ್ಕೆ ಏಳುತ್ತಾನೆ, ರಾತ್ರಿ ಎರಡರವರೆಗೂ ಫೋನು. ಮೊದಮೊದಲು ಅರ್ಜಿ ಹಾಕುತ್ತಿದ್ದ, ಈಗ ಅದೂ ಇಲ್ಲ. ಹಾಲು ತಂದುಕೊಡು ಅಂದರೂ ‘ಆಮೇಲೆ’ ಅಂತಾನೆ. ಊಟಕ್ಕೆ ಕೂತರೆ ಸಾಕು, ಅವರಪ್ಪ ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಅಂತ ಶುರು ಮಾಡುತ್ತಾರೆ. ಇದು ಸೋಮಾರಿತನವೋ, ಕಾಯಿಲೆಯೋ?
– ಒಬ್ಬ ತಾಯಿ, ಹಾಸನ

ಉತ್ತರ: ‘ಮೊದಮೊದಲು ಅರ್ಜಿ ಹಾಕುತ್ತಿದ್ದ’ ಅಂತ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ ಅನ್ನಿಸಿತು. ಅಂದರೆ ಈ ಜಡತನ ಕೆಲಸ ಹೋದ ಮೇಲೆ ಬಂದದ್ದು.

ಇದನ್ನು ಬಹಳ ಹಿಂದೆಯೇ ಅಧ್ಯಯನ ಮಾಡಿದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂತಾಲ್ ಅಂತ ಒಂದು ಊರು. ಇಡೀ ಊರು ಬದುಕಿದ್ದು ಒಂದು ಬಟ್ಟೆ ಗಿರಣಿಯಿಂದ. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನೇ ಬರೆದಿಟ್ಟರು. ಕೈತುಂಬ ಸಮಯ ಇದೆ, ಜನ ಜಾಸ್ತಿ ಓದಿರಬೇಕು ಅಲ್ವಾ? ಉಲ್ಟಾ ಆಗಿತ್ತು. ಊರಿನ ಲೈಬ್ರರಿಯಿಂದ ಒಯ್ಯುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ಸುಮ್ನೆ ನಿಂತುಬಿಡುತ್ತಿದ್ದರು. ದಿನವಿಡೀ ಏನು ಮಾಡಿದಿರಿ ಅಂದರೆ ಹೇಳಲು ಏನೂ ಇರುತ್ತಿರಲಿಲ್ಲ. ಹೆಂಗಸರು ಮಾತ್ರ ಚುರುಕಾಗಿ ನಡೆಯುತ್ತಿದ್ದರು. ಅವರಿಗೂ ಗಿರಣಿಯ ಸಂಬಳ ಹೋಗಿತ್ತು, ಆದರೆ ಒಲೆ, ಮಕ್ಕಳು, ಬಟ್ಟೆ ಒಗೆಯುವುದು ಹೋಗಿರಲಿಲ್ಲ. (ಇದನ್ನು ಓದಿ ನಿಮಗೆ ನಗು ಬಂದರೆ ತಪ್ಪಿಲ್ಲ.)

ಕೆಲಸ ಸಂಬಳದ ಜೊತೆಗೆ ಇನ್ನೂ ಏನೇನೋ ಕೊಡುತ್ತದೆ. ಏಳುವುದಕ್ಕೊಂದು ಹೊತ್ತು, ಮನೆಯಾಚೆ ನಾಲ್ಕು ಮುಖ, ‘ನಾನು ಇಂಥವನು’ ಅಂತ ಹೇಳಿಕೊಳ್ಳಲು ಒಂದು ಹೆಸರು. ಯಹೋಡಾ ಮುಂದೆ ಇದನ್ನೇ ವಿವರಿಸಿದರು. ಭಾನುವಾರ ಮಧ್ಯಾಹ್ನ ಬಿದ್ದುಕೊಳ್ಳುವುದು ನಮಗೆ ಸುಖ, ಯಾಕೆಂದರೆ ಸೋಮವಾರ ಇದೆ. ನಿಮ್ಮ ಮಗನಿಗೆ ಸೋಮವಾರವೇ ಇಲ್ಲ.

ಹಾಗಾಗಿ ‘ಮನಸ್ಸು ಬಂದಾಗ ಮಾಡ್ತೀನಿ’ ಅನ್ನುವುದನ್ನು ಕಾಯಬೇಡಿ. ಇಂಥ ಸ್ಥಿತಿಯಲ್ಲಿ ಮಾಡುವುದು ಮೊದಲು, ಮನಸ್ಸು ಬರುವುದು ಆಮೇಲೆ. ಮಲಗುವ ಹೊತ್ತಿನ ಬಗ್ಗೆ ಜಗಳ ಬಿಡಿ. ಏಳುವ ಹೊತ್ತು ಮಾತ್ರ ಗಟ್ಟಿ ಮಾಡಿ, ಎದ್ದ ಕೂಡಲೇ ಹೊರಗಿನ ಬಿಸಿಲಿಗೆ ಬರಲಿ. ರಾತ್ರಿ ನಿದ್ದೆಯೂ ನಿಧಾನಕ್ಕೆ ಬೇಗ ಬರತೊಡಗುತ್ತದೆ. ‘ಹಾಲು ತಾ’ ಅಂತ ನೆನಪಾದಾಗಲೆಲ್ಲ ಹೇಳುವ ಬದಲು, ದಿನಾ ಒಂದೇ ಹೊತ್ತಿಗೆ ಆಗಬೇಕಾದ, ಅವನು ಮಾಡದಿದ್ದರೆ ನಿಂತೇ ಹೋಗುವ ಒಂದು ಕೆಲಸ ಒಪ್ಪಿಸಿ. ಅದು ಮನೆಯಾಚೆಯದಾಗಿದ್ದರೆ ಇನ್ನೂ ಒಳ್ಳೆಯದು. ಜಿಲ್ಲಾ ಗ್ರಂಥಾಲಯದಲ್ಲಿ ಎರಡು ಗಂಟೆ ಕೂತು ಬರಲಿ. ಓದದಿದ್ದರೂ ಪರವಾಗಿಲ್ಲ, ಓದುವವರ ನಡುವೆ ಇರುತ್ತಾನೆ. ಅರ್ಜಿಗಳ ಮಾತು ಎರಡು ವಾರ ಬಿಟ್ಟು ಎತ್ತಿ.

ಯಜಮಾನರಿಗೂ ಒಂದು ಮಾತು. ಗಾದೆ ಸುಳ್ಳಲ್ಲ. ಆದರೆ ತಟ್ಟೆಯ ಮುಂದೆ ಹೇಳಿದರೆ ಮಗ ತಟ್ಟೆಯನ್ನೇ ರೂಮಿಗೆ ಒಯ್ಯುತ್ತಾನೆ. ಅವನು ಎಲ್ಲರ ಜೊತೆ ಹೊತ್ತಿಗೆ ಸರಿಯಾಗಿ ಕೂರುವುದು ಈಗ ಊಟಕ್ಕೆ ಮಾತ್ರ. ಅದನ್ನೂ ಕಳೆಯಬೇಡಿ.

ಇನ್ನು ಕಾಯಿಲೆಯ ವಿಷಯ. ಎರಡು ವಾರಕ್ಕೂ ಹೆಚ್ಚು ದಿನ ಮಂಕಾಗಿದ್ದಾನಾ? ಮೊದಲು ಇಷ್ಟವಿದ್ದ ಕ್ರಿಕೆಟ್ಟು, ಸಿನಿಮಾ, ಗೆಳೆಯರು ಯಾವುದೂ ಬೇಡವಾಗಿದೆಯಾ? ಊಟ, ತೂಕ ಏರುಪೇರಾಗಿದೆಯಾ? ಹಾಗಿದ್ದರೆ ಅದು ಖಿನ್ನತೆ ಇರಬಹುದು, ಮನೋವೈದ್ಯರಿಗೆ ತೋರಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಯನ್ನೂ ಮಾಡಿಸಿ. ಇವು ಕಡಿಮೆಯಾದರೂ ಮನುಷ್ಯ ಸೋಮಾರಿಯಂತೆಯೇ ಕಾಣುತ್ತಾನೆ. ‘ನಾನಿದ್ದು ಏನು ಪ್ರಯೋಜನ’ ಅನ್ನುವಂಥ ಮಾತು ಬಂದರೆ ಅಂದೇ ಹೋಗಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಗ ಮಾತಾಡಲು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ ಕೇಳಬಹುದು.