ಕೊನೆಯ ಪೀರಿಯಡ್ಡಿನ ಯಜಮಾನರು

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ಪಕ್ಕಕ್ಕಿಡಲು ಆಗಲಿಲ್ಲ. ಬರೆದವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಡಂ. ಪತ್ರ ನಾಲ್ಕು ಪುಟ ಇದೆ, ಸಾರ ಇಷ್ಟು:

"ಹದಿನಾರು ದಿನ ರಜೆ ಇತ್ತು. ಮೊದಲ ನಾಲ್ಕು ದಿನ ಗೆಳತಿಯರ ಜೊತೆ ಪ್ರವಾಸ. ಆಮೇಲೆ ಏಳು ದಿನ ಅಮ್ಮನ ಮನೆ. ಅಣ್ಣ, ತಂಗಿ, ಅವರ ಮಕ್ಕಳು ಎಲ್ಲ ಸೇರಿದ್ದೆವು. ಉಳಿದ ಐದು ದಿನ ನಮ್ಮ ಯಜಮಾನರಿಗೆ ಅಂತ ಇಟ್ಟಿದ್ದೆ. ಅಷ್ಟರಲ್ಲಿ ತಿದ್ದದೆ ಬಿಟ್ಟಿದ್ದ ಪೇಪರ್ ಬಂಡಲ್ ನೆನಪಾಯಿತು. ಮೂರು ದಿನ ಅದರಲ್ಲೇ ಹೋಯಿತು. ಅವರು ಜಗಳ ಆಡಲಿಲ್ಲ. 'ನಿನ್ನ ರಜೆಯಲ್ಲಿ ನಾನು ಕೊನೆಯ ಪೀರಿಯಡ್' ಅಂದರು, ಅಷ್ಟೇ. ಶಾಲೆ ಶುರುವಾಗಿ ಮೂರು ವಾರ ಆಯಿತು. ಆ ಮಾತು ಇನ್ನೂ ಚುಚ್ಚುತ್ತಿದೆ. ರಜೆಗೆ ಹೋಗಿದ್ದೇ ಸುಳ್ಳು ಅನ್ನುವಷ್ಟು ಸುಸ್ತೂ ಆಗಿದೆ. ನನ್ನದು ತಪ್ಪಾ? ಮುಂದಿನ ರಜೆ ಹೇಗೆ ಹಂಚಲಿ?"

ಮೇಡಂ, ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಮಧ್ಯಸ್ಥನಲ್ಲ. ನನ್ನ ಹೆಂಡತಿ ಇಪ್ಪತ್ತೊಂಬತ್ತು ವರ್ಷ ಟೀಚರ್ ಆಗಿದ್ದು ನಿವೃತ್ತಳಾದವಳು. ಅಂದರೆ ನಾನೂ ಕೊನೆಯ ಪೀರಿಯಡ್ ಕಂಡವನೇ. ಅದು ಹೇಗಿರುತ್ತದೆ ಅಂತ ನಿಮಗೆ ವಿವರಿಸಬೇಕಾಗಿಲ್ಲ. ಮಕ್ಕಳ ಕಿವಿ ಗಂಟೆಯ ಕಡೆ, ಮೇಡಂ ಕಿವಿಯೂ ಗಂಟೆಯ ಕಡೆ. ಹಾಗಾಗಿ ನಿಮ್ಮ ಯಜಮಾನರ ಮಾತು ಓದಿದಾಗ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷದಲ್ಲಿ ಇಂಥ ಒಂದು ಮಾತು ನನಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮದು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ನೀವು ಮಾಡಿದ್ದು ಬರೀ ಅಭ್ಯಾಸಬಲ. ರಜೆಗೂ ಟೈಮ್‌ಟೇಬಲ್ ಹಾಕಿದಿರಿ. ಇಷ್ಟು ದಿನ ಇವರಿಗೆ, ಇಷ್ಟು ದಿನ ಅವರಿಗೆ. ಹಾಗೆ ಹಂಚಿದಾಗ ಹಿಂದಿನ ಪೀರಿಯಡ್ ಎಳೆದದ್ದು, ತಿದ್ದದೆ ಉಳಿದದ್ದು ಎಲ್ಲ ಕೊನೆಯವರ ತಲೆಗೇ ಬರುತ್ತದೆ. ಮತ್ತೆ ಕೊನೆಗೆ ನಾವು ಇಡುವುದು ಯಾರನ್ನು? 'ಇವರು ಏನೂ ಅಂದುಕೊಳ್ಳಲ್ಲ' ಅಂತ ನಂಬಿಕೆ ಇರುವವರನ್ನು. ಅವರು ಏನೂ ಅಂದುಕೊಳ್ಳುವುದಿಲ್ಲ ಅನ್ನುವುದು ಮಾತ್ರ ನಮ್ಮ ಊಹೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ, ಪಕ್ಕದ ಮನೆಯವರು 'ನಿಮಗೇನ್ರೀ, ಬೇಕಾದಷ್ಟು ರಜೆ' ಅಂತಾರೆ ಅಂತ. ಇದನ್ನು ಸುಮ್ನೆ ಕೇಳಿಸಿಕೊಂಡು ಬಿಡಿ. ಆದರೆ ನೀವೇ ಅದನ್ನು ನಂಬಬೇಡಿ. 1960ರ ದಶಕದಲ್ಲಿ ಫಿಲಿಪ್ ಜಾಕ್ಸನ್ ಎಂಬ ಅಮೆರಿಕದ ಶಿಕ್ಷಣ ಸಂಶೋಧಕರು ಪ್ರಾಥಮಿಕ ಶಾಲೆಯ ತರಗತಿಗಳಲ್ಲಿ ಕೂತು ನೋಡಿದರು. ಟೀಚರ್ ಒಬ್ಬರಿಗೆ ದಿನಕ್ಕೆ ಸಾವಿರದಷ್ಟು ಸಲ ಒಂದಲ್ಲ ಒಂದು ಮಗುವಿನ ಜೊತೆ ವ್ಯವಹಾರ ಇರುತ್ತದೆ ಎಂದು ಬರೆದರು. ಒಂದು ಪ್ರಶ್ನೆ, ಒಂದು ಗದರಿಕೆ, ಒಂದು 'ಹೋಗಿ ಬಾ'. ಲೆಕ್ಕದ ಮೇಡಂ ನೀವು, ವರ್ಷಕ್ಕೆ ಎಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ.

ನಾನು ಇದನ್ನು ತಡವಾಗಿ ಕಲಿತೆ. ಮದುವೆಯಾದ ಹೊಸತು. ಅವಳಿಗೆ ರಜೆ ಶುರುವಾಯಿತು. ಮೂರು ದಿನ ಮಾತೇ ಇಲ್ಲ. ಕೇಳಿದರೆ ತಲೆಯಾಡಿಸುವುದು, ಇಲ್ಲ ಅಂದರೆ ಕೈಸನ್ನೆ. ನಾನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಎರಡು ದಿನ ಮನೆ ಗುಡಿಸಿದೆ, ಪಾತ್ರೆ ತೊಳೆದೆ. ಮೂರನೆಯ ದಿನ ಸಿಟ್ಟು ಬಂದು ನಾನೂ ಮಾತು ಬಿಟ್ಟೆ. ನಾಲ್ಕನೆಯ ದಿನ ಅವಳು ಹೇಳಿದಳು: "ಗಂಟಲು ಕಟ್ಟಿತ್ತು. ಮಾತಾಡಿ ಮಾತಾಡಿ ಸಾಕಾಗಿತ್ತು. ನಿಮ್ಮ ಹತ್ತಿರವಾದರೂ ಸುಮ್ಮನಿರಬಹುದಲ್ಲ ಅಂದುಕೊಂಡೆ." ಗಂಟಲಿನ ಮಾತು ನೆಪವೇನಲ್ಲ. ಅಮೆರಿಕದ ಎರಡು ರಾಜ್ಯಗಳಲ್ಲಿ ಸಾವಿರಕ್ಕೂ ಹೆಚ್ಚು ಟೀಚರ್‌ಗಳನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಕಂಡವರು ಟೀಚರ್‌ಗಳಲ್ಲಿ ನೂರಕ್ಕೆ ಸುಮಾರು 58, ಬೇರೆ ಕೆಲಸದವರಲ್ಲಿ 29.

ನಿಮ್ಮ ಹಂಚಿಕೆಯಲ್ಲಿ ನನಗೆ ಸರಿ ಕಾಣದ್ದು ಇಲ್ಲೇ ಶುರುವಾಗುತ್ತದೆ. ಶಾಲೆ ಮುಗಿದ ಮಾರನೆಯ ಬೆಳಿಗ್ಗೆಯೇ ಪೆಟ್ಟಿಗೆ ಹಿಡಿದು ಹೊರಟಿದ್ದೀರಿ. ಬಸ್ಸಿನಲ್ಲಿ ನಾಲ್ವರು ಗೆಳತಿಯರು, ನಾಲ್ವರೂ ಟೀಚರ್‌ಗಳು. 'ಎರಡು ದಿನ ಬರೀ ಸ್ಟಾಫ್ ರೂಮಿನ ಮಾತೇ ಆಯಿತು' ಅಂತ ನೀವೇ ಬರೆದಿದ್ದೀರಿ. ಒಂದು ಗಂಟೆ ಹಾಗೆ ಹೇಳಿಕೊಂಡರೆ ಎದೆ ಹಗುರ ಆಗುತ್ತದೆ, ಅದು ಬೇಕು. ಎರಡು ದಿನ ಅಂದರೆ ಶಾಲೆಯನ್ನೇ ಬಸ್ಸಿಗೆ ಹತ್ತಿಸಿಕೊಂಡ ಹಾಗೆ. ನನ್ನ ಹೆಂಡತಿಯ ಗುಂಪಿನಲ್ಲಿ ಒಂದು ಕಾನೂನು ಇತ್ತು. ಮೊದಲ ದಿನ ಊಟ ಮುಗಿಯುವ ತನಕ ಯಾರನ್ನು ಬೇಕಾದರೂ ಬೈಯಬಹುದು. ಆಮೇಲೆ ಶಾಲೆಯ ಸುದ್ದಿ ತೆಗೆದವರು ಅವತ್ತಿನ ಪಾತ್ರೆ ತೊಳೆಯಬೇಕು. ಅವಳು ಬಹಳ ಪಾತ್ರೆ ತೊಳೆದಿದ್ದಾಳೆ.

ಅಮ್ಮನ ಮನೆಯ ಕಥೆ ಓದಿ ಪಾಪ ಅನ್ನಿಸಿತು. ಟೀಚರ್ ಮನೆಗೆ ಬಂದರೆ ನೆಂಟರ ಕಣ್ಣಿಗೆ ಟ್ಯೂಷನ್ನೇ ಬಾಗಿಲಿಗೆ ಬಂದ ಹಾಗೆ. 'ಹೇಗೂ ಖಾಲಿ ಇದ್ದೀಯಲ್ಲ, ಇವನಿಗೆ ಸ್ವಲ್ಪ ಭಿನ್ನರಾಶಿ ಹೇಳಿಕೊಡೇ.' ನೆದರ್ಲೆಂಡ್ಸ್‌ನ ಸಂಶೋಧಕರು ದೀರ್ಘ ರಜೆ ಹಾಕಿದ 54 ನೌಕರರ ಮನಸ್ಥಿತಿಯನ್ನು ರಜೆಗೆ ಮುಂಚೆ, ರಜೆಯಲ್ಲಿ, ರಜೆ ಮುಗಿದ ಮೇಲೆ ಕೇಳಿ ಬರೆದುಕೊಂಡರು. 2013ರಲ್ಲಿ ಬಂದ ಆ ವರದಿಯ ಪ್ರಕಾರ ರಜೆಯ ಸುಖ ಎಂಟನೆಯ ದಿನ ಎಲ್ಲಕ್ಕಿಂತ ಜಾಸ್ತಿ ಇತ್ತು. ನಿಮ್ಮ ಎಂಟನೆಯ ದಿನ ಏನಾಗಿತ್ತು? ಅಣ್ಣನ ಮಗನಿಗೆ ಭಿನ್ನರಾಶಿ. ಮುಂದಿನ ಸಲ ನೆಂಟರಿಗೆ ನಗುತ್ತಲೇ ಇಲ್ಲ ಅನ್ನಿ. ಮಕ್ಕಳ ಜೊತೆ ಆಟಕ್ಕೆ ಕೂತು ಸೋಲಿ. ಅತ್ತೆ ಆಟದಲ್ಲಿ ಮೋಸ ಮಾಡ್ತಾರೆ ಅಂತ ಅವು ದೂರು ಹೇಳಬೇಕು, ಹಾಗಿರಲಿ. ಅಮ್ಮನ ಜೊತೆ ಕೂತ ಹೊತ್ತಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದನ್ನು ಒಂದು ದಿನವೂ ಕಡಿಮೆ ಮಾಡಬೇಡಿ.

ಈಗ ಯಜಮಾನರ ಪೀರಿಯಡ್ಡಿಗೆ ಬರೋಣ. ನೀವು ಒಂದೇ ಒಂದು ಕಡೆ, ಅದೂ ಮೂರನೆಯ ಪುಟದ ಕೆಳಗೆ, 'ಅವರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ' ಅಂತ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದು. ರಜೆ ಇದ್ದದ್ದು ನಿಮಗೆ, ಅವರಿಗಲ್ಲ. ಹಾಗಾದರೆ ಐದು ದಿನ ಅವರಿಗೆ ಕೊಟ್ಟೆ ಅನ್ನುವುದು ಯಾವ ಲೆಕ್ಕ ಮೇಡಂ? ಹಗಲೆಲ್ಲ ಅವರು ಆಫೀಸಿನಲ್ಲಿ, ನೀವು ಬಂಡಲ್ ಮುಂದೆ. ಅವರ ಪಾಲಿಗೆ ಇದ್ದದ್ದು ಐದು ಸಂಜೆ. ಅದರಲ್ಲಿ ಮೂರು ಸಂಜೆ ಕೆಂಪು ಪೆನ್ನಿಗೆ ಹೋಯಿತು.

ಅದಕ್ಕೇ ನನ್ನ ಸಲಹೆ, ದಿನಗಳನ್ನು ಹಂಚುವುದನ್ನು ಬಿಟ್ಟುಬಿಡಿ, ಹೊತ್ತನ್ನು ಹಂಚಿ. ಊರಲ್ಲಿರುವ ದಿನಗಳಲ್ಲಿ ಹಗಲು ನಿಮ್ಮದು. ಗೆಳತಿ, ತಂಗಿ, ನಿದ್ದೆ, ಬಂಡಲ್ ಎಲ್ಲ ಹಗಲಿಗೆ. ಸಂಜೆ ಇಬ್ಬರದೂ. ಮತ್ತೆ ರಜೆಯ ಮೊದಲ ಎರಡು ದಿನ ಎಲ್ಲಿಗೂ ಹೊರಡಬೇಡಿ, ಮನೆಯಲ್ಲೇ ಇರಿ. 'ನನಗೆ ಎರಡು ದಿನ ಮಾತು ಬೇಡ, ಸಿಟ್ಟಲ್ಲ' ಅಂತ ಯಜಮಾನರಿಗೆ ಮೊದಲೇ ಹೇಳಿಬಿಡಿ. ಹೇಳದೇ ಸುಮ್ಮನಿದ್ದರೆ ಏನಾಗುತ್ತದೆ ಅಂತ ಮೇಲೆ ಓದಿದ್ದೀರಲ್ಲ. ಹೇಳಿ ಸುಮ್ಮನಿದ್ದರೆ ಆ ಎರಡು ದಿನವೇ ಚೆನ್ನ. ನಮ್ಮ ಮನೆಯಲ್ಲಿ ಆಮೇಲಾಮೇಲೆ ನಾನು ಅದಕ್ಕೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತು ಇಬ್ಬರೂ ಏನೂ ಮಾತಾಡದೆ ಪೇಪರ್ ಓದುವುದು. ಗೆಳತಿಯರ ಎದುರು, ಅಮ್ಮನ ಎದುರು ನೀವು ಹಾಗೆ ಕೂರಲು ಆಗುವುದಿಲ್ಲ. ಅವರು ಗಾಬರಿಯಾಗುತ್ತಾರೆ.

ಬಂಡಲ್ಲಿನ ಬಗ್ಗೆ ಎರಡೇ ಮಾತು. ಮೊದಲೇ ಮುಗಿಸಿ ಅಂತ ಉಪದೇಶ ಮಾಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಗಾಗಿದ್ದು ನಾನು ನೋಡಿಲ್ಲ. ಆದರೆ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದು ನಮ್ಮಂಥವರಿಗೆ ಉಪಯೋಗ. ಅರ್ಧಕ್ಕೆ ಬಿಟ್ಟ ಕೆಲಸ ತಲೆ ತಿನ್ನುತ್ತದೆ ನಿಜ. ಆದರೆ ಯಾವಾಗ, ಎಲ್ಲಿ ಕೂತು ಮಾಡುತ್ತೇನೆ ಅಂತ ಗಟ್ಟಿಯಾಗಿ ನಿರ್ಧರಿಸಿದರೆ, ಇನ್ನೂ ಮುಟ್ಟದಿದ್ದರೂ ಅದರ ಕಾಟ ಕಡಿಮೆಯಾಗುತ್ತದೆ. 'ಹನ್ನೆರಡನೆಯ ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದು, ಕಿಟಕಿ ಪಕ್ಕದ ಮೇಜು.' ಇಷ್ಟು ಚೀಟಿಯಲ್ಲಿ ಬರೆದು ಬಂಡಲ್ ಮೇಲೆ ಅಂಟಿಸಿ, ಕಪಾಟಿನೊಳಗೆ ಇಡಿ.

ಶಾಲೆ ಶುರುವಾಗಿ ಮೂರು ವಾರಕ್ಕೇ ಸುಸ್ತು ಅಂದಿರಿ. ಇದರಲ್ಲಿ ನೀವು ಒಬ್ಬರೇ ಅಲ್ಲ. ಜರ್ಮನಿಯಲ್ಲಿ ಕ್ಯೂನೆಲ್ ಮತ್ತು ಸೊನೆನ್‌ಟಾಗ್ ಎಂಬ ಇಬ್ಬರು ಸಂಶೋಧಕಿಯರು 131 ಟೀಚರ್‌ಗಳನ್ನೇ ಹಿಡಿದು ಇದನ್ನು ನೋಡಿದ್ದಾರೆ. 2011ರ ಅವರ ಲೆಕ್ಕದಲ್ಲಿ ರಜೆಯ ಒಳ್ಳೆಯದು ಒಂದು ತಿಂಗಳೊಳಗೆ ಕರಗಿಹೋಗುತ್ತದೆ. ಕೆಲಸದ ಒತ್ತಡ ಜಾಸ್ತಿ ಇದ್ದವರಿಗೆ ಇನ್ನೂ ಬೇಗ. ಆದರೆ ಶಾಲೆ ಶುರುವಾದ ಮೇಲೂ ಬಿಡುವಿನ ಹೊತ್ತಿನಲ್ಲಿ ಆರಾಮವಾಗಿ ಕಳೆದವರಿಗೆ ಅದು ಕರಗಲು ತಡವಾಯಿತು. ಮತ್ತೆ ಸಂಜೆಯ ಹತ್ತಿರವೇ ಬಂದೆವಲ್ವಾ? ರಜೆಯಲ್ಲಿ ಇಬ್ಬರಿಗೂ ಅಂತ ಎತ್ತಿಟ್ಟ ಸಂಜೆಯನ್ನು ರಜೆ ಮುಗಿದ ಮೇಲೂ ವಾರಕ್ಕೆ ಎರಡಾದರೂ ಉಳಿಸಿಕೊಂಡರೆ ಸಾಕು. ಇದಕ್ಕೆ ಮುಂದಿನ ರಜೆಯ ತನಕ ಕಾಯಬೇಕಾಗಿಲ್ಲ. ಇವತ್ತೇ ಶುರು ಮಾಡಬಹುದು.

ಹೆಸರು ಹಾಕಬೇಡಿ, ನಮ್ಮವರು ನಿಮ್ಮ ಪತ್ರಿಕೆ ಓದುತ್ತಾರೆ ಅಂದಿದ್ದೀರಿ. ಹಾಕಿಲ್ಲ. ಆದರೆ ಕೊನೆಯ ಪೀರಿಯಡ್ ಅನ್ನುವ ಮಾತು ನೋಡಿದ ಕೂಡಲೇ ಅವರಿಗೆ ಗೊತ್ತಾಗಿಯೇ ಆಗುತ್ತದೆ, ಅದನ್ನು ನಾನು ಬಚ್ಚಿಡಲು ಆಗಲಿಲ್ಲ. ಆದ್ದರಿಂದ ಈ ಕೊನೆಯ ಸಾಲುಗಳು ಅವರಿಗೆ.

ಸರ್, ಮಾತು ಚೆನ್ನಾಗಿತ್ತು, ಆದರೆ ಹದಿನಾಲ್ಕನೆಯ ದಿನ ಹೇಳಿದಿರಿ. ಅದನ್ನೇ ಎರಡನೆಯ ದಿನ ಹೇಳಿದ್ದರೆ ಅವರು ಏನಾದರೂ ಮಾಡಬಹುದಿತ್ತು. ನಾನೂ ಹೀಗೇ ಒಳಗೊಳಗೆ ದಿನ ಎಣಿಸಿಕೊಂಡು, ರಜೆ ಮುಗಿಯುವಾಗ ಬಾಯಿ ಬಿಟ್ಟವನು. ಇನ್ನೊಂದು ವಿಷಯ. ಯೂನಿಟ್ ಟೆಸ್ಟಿನ ಪೇಪರ್ ತಿದ್ದಿ ಮುಗಿದ ಮೇಲೆ ಮಾರ್ಕ್ಸ್ ಕೂಡಿಸುವ ಕೆಲಸ ಉಳಿಯುತ್ತದೆ. ಕೇಳಿ ನೋಡಿ, ಕೊಡುತ್ತಾರೆ. ನಾನು ಎಷ್ಟೋ ರಜೆಯಲ್ಲಿ ಎದುರಿಗೆ ಕೂತು ಕೂಡಿಸಿದ್ದೇನೆ. ಕೆಂಪು ಪೆನ್ನು ಮಾತ್ರ ಅವಳು ಇವತ್ತಿನವರೆಗೂ ನನ್ನ ಕೈಗೆ ಕೊಟ್ಟಿಲ್ಲ.

– ಸಂ.